ಬಲತುದಿಯ ಮೂರು

ಗ್ರಿಮ್ಸ್‌ಬಿಯ ಮೀನುಮನೆಯಲ್ಲಿ ನಮ್ಮದು ಎಂಟು ಜನರ ಮೇಜು.
ಹ್ಯಾಡಕ್ಕು ಬರುತ್ತದೆ, ಬಾಲ ಹೋಗುತ್ತದೆ, ಮುಳ್ಳು ಹೋಗುತ್ತದೆ,
ಎರಡು ಬಿಳಿ ಹೋಳು ಮುಂದಕ್ಕೆ.
ಬೆನ್ನ ಹಿಂದೆ ಎಂಟು ಮೊಳೆ, ಎಂಟು ರಬ್ಬರ್ ಏಪ್ರನ್ನು,
ಪ್ರತಿ ಮೊಳೆಯ ಮೇಲೆ ಸೀಮೆಸುಣ್ಣದ ಒಂದು ಅಂಕಿ,
ನೋರೀನ್ ಸ್ಟಬ್ಸಳ ಕೈಬರಹ.

ಮೊದಲ ಮೊಳೆ ಅವಳದೇ: ಏಳು.
ಗ್ಲೆಂಡಾ ಬಂದ ವರ್ಷ ಪಕ್ಕದಲ್ಲಿ ಮೂರು; ಎಪ್ಪತ್ತಮೂರು.
ಲಿಥುವೇನಿಯಾದ ರಸಾಳಿಗೆ ಒಂಬತ್ತು. ಏಳುನೂರ ಮೂವತ್ತೊಂಬತ್ತು.
ಹೀಗೆ ಬಂದವರಿಗೆಲ್ಲ ಒಂದೊಂದು,
ಸಾಲು ಎಷ್ಟೇ ಉದ್ದವಾದರೂ ಒಡೆಯಬಾರದು,
ಒಂದು ಮತ್ತು ತಾನು ಬಿಟ್ಟರೆ
ಯಾರ ಮಗ್ಗಿಯಲ್ಲೂ ಸಿಗಬಾರದು.

ನಾನು ಎಂಟನೆಯವಳು. ಐಸ್ ಕೋಣೆಯ ಬಾಗಿಲ ಪಕ್ಕ,
ಯಾರಿಗೂ ಬೇಡದ ಜಾಗ.
"ನಿನಗೆ ಮೂರೇ, ಬೇರೆ ಯಾವುದೂ ಕೂರುವುದಿಲ್ಲ" ಅಂದಳು.
ನಂಬದೆ ನಾನು ಹೊನ್ನಾವರದ ಶಾಲೆಯ ಮಗ್ಗಿ ಹೊರತೆಗೆದೆ.
ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು...
ಕೊನೆಗೆ ಎರಡು ಉಳಿಯಿತು.
ಹನ್ನೊಂದರಲ್ಲಿ ನಾಲ್ಕು, ಹದಿಮೂರರಲ್ಲಿ ಎಂಟು,
ಹದಿನೇಳರಲ್ಲಿ ಹದಿಮೂರು. ಅಷ್ಟರಲ್ಲಿ ಚಹಾದ ವೇಳೆ ಮುಗಿಯಿತು.
ನೋರೀನ್ ಎಂಟು ಸಾವಿರದ ಐನೂರು ದಾಟಿ ಹೋಗಿದ್ದಳು,
ಸಾವಿರಕ್ಕೂ ಮಿಕ್ಕಿ ಭಾಗಾಕಾರ, ಒಂದಿಡೀ ಚಳಿಗಾಲ,
ಬಿಂಗೋ ಚೀಟಿಗಳ ಹಿಂಬದಿಯಲ್ಲಿ.

ಅವಳು ಓದಿದರೆ ಎಪ್ಪತ್ತಮೂರು ಮಿಲಿಯನ್ ಚಿಲ್ಲರೆ;
ಅಲ್ಪವಿರಾಮ ಮೂರು ಮೂರಕ್ಕೆ.
ನನ್ನ ಬಾಯಲ್ಲಿ
ಏಳು ಕೋಟಿ ಮೂವತ್ತೊಂಬತ್ತು ಲಕ್ಷ
ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು.
ಒಳಗೊಂದು ಪ್ರಾಸವಿತ್ತು, ಇಷ್ಟು ವರ್ಷ ಅವಳಿಗೆ ಕೇಳಿಸಿರಲಿಲ್ಲ.
ಎರಡು ಸಲ ಹೇಳಿಸಿಕೊಂಡಳು, ಚಾಕು ಕೆಳಗಿಟ್ಟು.

ಒಂಬತ್ತನೆಯವನಾಗಿ ಲಾಟ್ವಿಯಾದ ಐವಾರ್ಸ್ ಬಂದ.
ಸಮ ಅಂಕಿ ಇಟ್ಟರೆ ಎರಡು ತಿನ್ನುತ್ತದೆ, ಐದಿಟ್ಟರೆ ಐದು,
ಒಂದೂ ಏಳೂ ಮೂರರ ಬಾಯಿಗೆ.
ಉಳಿದೆರಡಕ್ಕೆ ಅಡುಗೆಮನೆಯ ಮೇಜಿನಲ್ಲಿ ಎರಡು ರಾತ್ರಿ ಕೂತು
ಮೂರನೆಯ ಬೆಳಗ್ಗೆ ಬಂದು ತಲೆಯಾಡಿಸಿದಳು.
ಹುಡುಗ ಅಂಕಿಯಿಲ್ಲದ ಮೊಳೆಗೆ ಏಪ್ರನ್ ಸಿಕ್ಕಿಸಿ
ವಾರದಲ್ಲಿ ಪ್ಯಾಕಿಂಗಿಗೆ ಹೋದ. ಅವನಿಗೇನೂ ಬೇಸರವಿಲ್ಲ;
ನೋರೀನ್ ಮಾತ್ರ ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ನವೆಂಬರಿನಲ್ಲಿ, ಕೊನೆಗೆ ಬಂದವರು ಮೊದಲು ಎಂದರು.
ಪಿ ನಲವತ್ತೈದು ಎಂಬ ಕಾಗದ ಕೊಟ್ಟರು:
ಮೂರಕ್ಕೂ ಒಡೆಯುತ್ತದೆ, ಐದಕ್ಕೂ, ಒಂಬತ್ತಕ್ಕೂ, ಎಂಥ ಬಡಪಾಯಿ ಸಂಖ್ಯೆ.
"ನೀನು ಹೋದರೂ ಸಾಲು ಒಡೆಯುವುದಿಲ್ಲ" ಅಂದಳು ನೋರೀನ್,
ಸಮಾಧಾನಕ್ಕೆ.
ಅದು ನಿಜವೇ. ಎಪ್ಪತ್ತಮೂರು ಲಕ್ಷ ತೊಂಬತ್ತಮೂರು ಸಾವಿರದ
ಒಂಬೈನೂರ ಹದಿಮೂರು, ಅದೂ ಅವಿಭಾಜ್ಯ.
ನಾಳೆ ಅದರ ತುದಿ ಕೊಯ್ದರೂ, ನಾಡಿದ್ದು ಮತ್ತೆ ಕೊಯ್ದರೂ,
ಬಾಲದ ಕಡೆಯಿಂದ ಎಷ್ಟು ಹೋದರೂ
ಕೊನೆಗೆ ತಲೆ ಉಳಿಯುತ್ತದೆ, ಏಳು, ಇಡಿಯಾಗಿ.
ಇಂಥ ಸಮಾಧಾನವನ್ನು ನಾನಾದರೆ ಯಾರಿಗೂ ಹೇಳುವುದಿಲ್ಲ.

ನನ್ನ ಮೂರನ್ನು ನಾನೇ ಅಂಗೈಯಿಂದ ಒರೆಸಿದೆ.

ಕ್ಲೀಥೋರ್ಪ್ಸ್ ಬಸ್ಸಿನಲ್ಲಿ, ಮಂಜು ಕಟ್ಟಿದ ಗಾಜಿನ ಮೇಲೆ
ಬೆರಳಲ್ಲಿ ಬರೆದೆ. ಈ ಸಲ ಎಡದಿಂದ ಕತ್ತರಿಸಿದೆ.
ನೋರೀನಳನ್ನು ತೆಗೆದೆ.
ಮೂರು ಒಂಬತ್ತು ಮೂರು ಒಂಬತ್ತು ಒಂದು ಮೂರು ಮೂರು.
ಒಂದು ಬಿಟ್ಟು ಒಂದು ಕೂಡಿದರೆ ಹತ್ತು,
ಬಿಟ್ಟವನ್ನು ಕೂಡಿದರೆ ಇಪ್ಪತ್ತೊಂದು,
ನಡುವೆ ಹನ್ನೊಂದು.
ಅಷ್ಟೇ ಸಾಕು. ಹನ್ನೊಂದರ ಮಗ್ಗಿಯಲ್ಲಿ ಇಡೀ ಸಾಲು
ಒಂದು ಚೂರೂ ಉಳಿಯದೆ ಹೋಯಿತು,
ಅದರಲ್ಲಿ ಬಲತುದಿಗೆ ನಾನಿನ್ನೂ ಇದ್ದೆ.

ನನ್ನ ನಿಲ್ದಾಣ ಬಂತು.
ಕೈಗೆ ಇನ್ನೂ ಹ್ಯಾಡಕ್ಕಿನ ವಾಸನೆ, ಉಗುರಲ್ಲಿ ಸುಣ್ಣ.
ಅವಳ ಪಾಳಿ ಆರಕ್ಕೆ ಮುಗಿಯುತ್ತದೆ,
ಆಮೇಲೆ ಫೋನ್ ಮಾಡಿ ಹೇಳಿದರಾಯಿತು.